ಕಾಯಿ ಒಂದೇ, ಸೀಳುವ ದಿಕ್ಕು ಬೇರೆ

ಕಳೆದ ಬೇಸಿಗೆಯಲ್ಲಿ ನಮ್ಮ ಚಿಕ್ಕಪ್ಪ ತೆಂಗಿನ ಮರದಿಂದ ಬಿದ್ದರು. ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮೂರಿಗೆ ಇದು ಹೊಸ ಸುದ್ದಿಯಲ್ಲ. ಅರ್ಧ ಮರದಿಂದ ಜಾರಿದ್ದರಿಂದ ಜೀವ ಉಳಿಯಿತು. ಆದರೆ ಸೊಂಟ ಹಿಡಿದು ಮಲಗಿದವರು ಏಳಲಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಸಿ.ಡಿ. ಆವತ್ತೇ ಕೈಗೆ ಸಿಕ್ಕಿತು, ವರದಿ ಮರುದಿನ ಎಂದರು.

ಮನೆಯಲ್ಲಿ ಬಿ.ಇ. ಓದುತ್ತಿರುವವನು ನಾನೊಬ್ಬನೇ. ‘ನೀನೇ ಒಂದ್ಸಲ ನೋಡಪ್ಪ, ಕಂಪ್ಯೂಟರ್ ಓದ್ತಿದ್ದೀಯಲ್ಲ’ ಎಂದರು ಚಿಕ್ಕಮ್ಮ. ಚಿತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು, ಕಾಲೇಜಿನ ಪ್ರಾಜೆಕ್ಟ್‌ಗೆಂದು ಇಳಿಸಿಕೊಂಡಿದ್ದ ‘ತ್ರೀಡಿ ಸ್ಲೈಸರ್’ ತಂತ್ರಾಂಶದಲ್ಲಿ ತೆರೆದೆ. ಒಂದೊಂದೇ ಅಡ್ಡ ಬಿಲ್ಲೆ ಸರಿಸುತ್ತಾ ಹೋದೆ. ಎಲ್ಲ ಮೂಳೆಯೂ ದುಂಡಗೆ, ಸರಿಯಾಗಿಯೇ ಕಂಡವು. ‘ಏನೂ ಮುರಿದಿಲ್ಲ ಚಿಕ್ಕಮ್ಮ’ ಎಂದುಬಿಟ್ಟೆ.

ಆ ಮಾತು ನಂಬಿ ಚಿಕ್ಕಪ್ಪ ರಾತ್ರಿ ಎದ್ದು ನಿಲ್ಲಲು ಹೋದರು. ಅವರು ಕಿರುಚಿದ ಸದ್ದು ಇನ್ನೂ ಕಿವಿಯಲ್ಲಿದೆ.

ಮರುದಿನ ಡಾಕ್ಟರು ಅದೇ ಚಿತ್ರಗಳನ್ನು ಉದ್ದಕ್ಕೆ ತಿರುಗಿಸಿದರು. ಬೆನ್ನುಮೂಳೆಯ ಸಾಲಿನಲ್ಲಿ ಒಂದರ ಮುಂಭಾಗ ಕುಸಿದು ಬೆಣೆಯಂತಾಗಿತ್ತು. ಅಡ್ಡ ಬಿಲ್ಲೆಯಲ್ಲಿ ಮೂಳೆಯ ಎತ್ತರ ಗೊತ್ತಾಗುವುದಿಲ್ಲ. ಪಕ್ಕದ ಮೂಳೆಗಳ ಜೊತೆ ಸಾಲಾಗಿ ನೋಡಿದಾಗಲೇ ಕುಸಿತ ಕಣ್ಣಿಗೆ ಬೀಳುವುದು. ನರಕ್ಕೆ ಪೆಟ್ಟಾಗಿರಲಿಲ್ಲ ಎಂಬುದೊಂದೇ ಸಮಾಧಾನ.

ನಮ್ಮ ತೆಂಗಿನಕಾಯಿಯನ್ನೇ ನೋಡಿ. ಅಡ್ಡಕ್ಕೆ ಒಡೆದರೆ ಎರಡು ದುಂಡನೆಯ ಹೋಳು. ಮೂರು ಕಣ್ಣಿದ್ದರೂ ಮೊಳಕೆ ಬರುವುದು ಮೆತ್ತಗಿನ ಒಂದರಿಂದ. ಅದರಡಿಯ ಪುಟ್ಟ ಮೊಳಕೆ ಕಾಣಬೇಕಾದರೆ ಆ ಕಣ್ಣಿನ ಮೂಲಕವೇ ಉದ್ದಕ್ಕೆ ಸೀಳಬೇಕು. ಕಾಯಿಯನ್ನು ಒಮ್ಮೆ ಒಡೆದರೆ ಮುಗಿಯಿತು. ಸ್ಕ್ಯಾನನ್ನು ಬೇಕಾದಷ್ಟು ಸಲ, ಬೇಕಾದ ದಿಕ್ಕಿಗೆ ಸೀಳಬಹುದು.

ಸೀಳುವ ಸಮತಲಕ್ಕೆ ಎರಡು ವಿಷಯ ಗೊತ್ತಿರಬೇಕು: ಎಲ್ಲಿ ಮತ್ತು ಯಾವ ದಿಕ್ಕಿಗೆ. ನಾನು ‘ಎಲ್ಲಿ’ಯನ್ನು ಮಾತ್ರ ಬದಲಿಸುತ್ತಾ ಕೂತಿದ್ದೆ. ಸ್ಲೈಸರ್‌ನಲ್ಲಿ ಕೆಂಪು ಕಿಟಕಿ ಅಡ್ಡಕ್ಕೆ (ಆಕ್ಸಿಯಲ್), ಹಳದಿ ಪಕ್ಕದಿಂದ (ಸ್ಯಾಜಿಟಲ್), ಹಸಿರು ಮುಂದಿನಿಂದ (ಕರೋನಲ್). ಶಿಫ್ಟ್ ಒತ್ತಿಕೊಂಡು ಮೌಸ್ ಸರಿಸಿದರೆ ಮೂರೂ ಕಿಟಕಿಗಳು ಒಂದೇ ಬಿಂದುವಿಗೆ ಬಂದು ನಿಲ್ಲುತ್ತವೆ. ಬೆನ್ನು ಸೊಟ್ಟಗಿದ್ದರೆ ಸಮತಲವನ್ನೂ ಓರೆ ಮಾಡಬಹುದು. ಇನ್ನೊಂದು ಮಾತು: ಬಿಲ್ಲೆಗಳು ದಪ್ಪವಿದ್ದರೆ ಉದ್ದಕ್ಕೆ ಸೀಳಿದಾಗ ಚಿತ್ರ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆದ್ದರಿಂದ ತೆಳು ಬಿಲ್ಲೆಗಳ ಸರಣಿಯನ್ನೇ ತೆರೆಯಬೇಕು. ಅಡ್ಡ ಚಿತ್ರದಲ್ಲಿ ರೋಗಿಯ ಬಲಗಡೆ ನಮಗೆ ಎಡಗಡೆ ಕಾಣುತ್ತದೆ ಎಂಬುದೂ ನೆನಪಿರಲಿ.

1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ರೋಗಿಯೊಬ್ಬರ ಮೆದುಳಿನ ಮೊದಲ ಸಿ.ಟಿ. ತೆಗೆದದ್ದು ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ವೈದ್ಯಕೀಯ ನೊಬೆಲ್ ಪಡೆದ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಎಂಜಿನಿಯರ್. ನಮ್ಮಂಥವರಿಗೂ ಇಲ್ಲಿ ಕೆಲಸವಿದೆ. ಜಿಇ, ಫಿಲಿಪ್ಸ್, ಸೀಮೆನ್ಸ್‌ನಂಥ ಕಂಪನಿಗಳು ಬೆಂಗಳೂರಿನಲ್ಲೇ ಇಂಥ ಉಪಕರಣಗಳ ತಂತ್ರಾಂಶ ರೂಪಿಸುತ್ತಿವೆ. ಸ್ಲೈಸರ್ ಉಚಿತ, ಅಭ್ಯಾಸಕ್ಕೆ ಮಾದರಿ ಚಿತ್ರಗಳೂ ಅದರಲ್ಲೇ ಸಿಗುತ್ತವೆ. ಆದರೆ ಅದು ಸಂಶೋಧನೆಗೆ ಇರುವುದು, ಮನೆಯವರಿಗೆ ರೋಗ ಹೇಳುವುದಕ್ಕಲ್ಲ.

ಚಿಕ್ಕಪ್ಪ ಈಗ ಓಡಾಡುತ್ತಾರೆ, ಮರ ಹತ್ತುವುದಿಲ್ಲ. ಮೊನ್ನೆ ತಿಪಟೂರು ಮಾರುಕಟ್ಟೆಗೆ ಕಳಿಸಲು ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದೆವು. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ‘ಒಣಗಿದೆ’ ಎಂದೆ. ಅವರು ಅದನ್ನು ಇಸಕೊಂಡು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಲ್ಲಾಡಿಸಿ ಪಕ್ಕಕ್ಕಿಟ್ಟರು. ‘ಇನ್ನೂ ಹದಿನೈದು ದಿನ ಬೇಕು ಮಗಾ.’

ನಾನು ಮಾತಾಡಲಿಲ್ಲ. ಕಾಯಿಯನ್ನು ಮತ್ತೆ ಅಟ್ಟಕ್ಕೆ ಹಾಕಿದೆ.