ರೊಳ್ಳದ ಹೊಸ ವಿಮಾ ಪ್ರತಿನಿಧಿ: ಒಂದು ಕಂಪನಿಯೋ, ಸ್ವತಂತ್ರ ದಾರಿಯೋ?

ಓದು ಮುಗಿಸಿ ಊರಿಗೆ ಮರಳಿದ ಮಗನಿಗಾಗಲಿ ಮಗಳಿಗಾಗಲಿ ನಮ್ಮ ರೊಳ್ಳ, ಅಗಳಿ, ಅಮರಾಪುರಗಳ ಕಡೆ ಬೇಗನೆ ಸಿಗುವ ಸಲಹೆಗಳಲ್ಲಿ ‘ಒಂದು ಇನ್ಶೂರೆನ್ಸ್ ಏಜೆನ್ಸಿ ತೆಗೆದುಕೊಳ್ಳಬಾರದೇ?’ ಎಂಬುದೂ ಒಂದು. ಹೇಳುವವರು ಸಾಮಾನ್ಯವಾಗಿ ದೂರದ ಬಂಧುಗಳು, ಇಲ್ಲವೆ ಪಟ್ಟಣದಿಂದ ಬಂದ ಕಂಪನಿಯ ಅಧಿಕಾರಿಗಳು. ಬಂಡವಾಳ ಬೇಡ, ಮೇಲಧಿಕಾರಿಯ ಕಾಟವಿಲ್ಲ, ಕೈತುಂಬ ಕಮಿಷನ್ ಎಂಬ ಮೂರು ಮಾತುಗಳನ್ನು ಅವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದು ಅರ್ಧ ನಿಜ. ಮೂರನೆಯದನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ನೋಡಬೇಕು. ಇತ್ತೀಚೆಗೆ ನಾಲ್ಕನೆಯ ಮಾತೊಂದು ಸೇರಿಕೊಂಡಿದೆ: ‘ಒಂದೇ ಕಂಪನಿಗೆ ಕಟ್ಟುಬೀಳುವುದೇಕೆ? ಮೊಬೈಲಿನಲ್ಲಿ ಎಲ್ಲ ಕಂಪನಿಗಳ ಪಾಲಿಸಿ ಮಾರಬಹುದು, ಸ್ವತಂತ್ರವಾಗಿರು.’ ಹುಡುಗರು ಗೊಂದಲಕ್ಕೆ ಬೀಳುವುದು ಈ ಮಾತಿನಿಂದ.

ಆಯ್ಕೆಯ ಈ ಸಮಸ್ಯೆ ನಮ್ಮ ತಂದೆಯವರ ಕಾಲದಲ್ಲಿ ಇರಲಿಲ್ಲ. ಆದರೆ ಅಜ್ಜಂದಿರ ಕಾಲದಲ್ಲಿ ಇತ್ತು. 1956ರಲ್ಲಿ ಕೇಂದ್ರ ಸರ್ಕಾರವು ಜೀವವಿಮೆಯನ್ನು ರಾಷ್ಟ್ರೀಕರಣ ಮಾಡಿದಾಗ ದೇಶದಲ್ಲಿ ದೇಶೀ, ವಿದೇಶೀ ಕಂಪನಿಗಳೂ ಪ್ರಾವಿಡೆಂಟ್ ಸಂಘಗಳೂ ಸೇರಿ 245 ಸಂಸ್ಥೆಗಳಿದ್ದವು. ಅವೆಲ್ಲ ಕೂಡಿ ಆ ವರ್ಷದ ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮವಾಯಿತು. ಅಂದಿನಿಂದ ಸುಮಾರು 44 ವರ್ಷ ಹಳ್ಳಿಯಲ್ಲಿ ವಿಮೆ ಎಂದರೆ ಎಲ್‌ಐಸಿ, ಏಜೆಂಟರೆಂದರೆ ಎಲ್‌ಐಸಿಯವರು. 1999ರ ಕಾಯಿದೆಯ ಬಳಿಕ, 2000ದಿಂದ ಖಾಸಗಿ ಕಂಪನಿಗಳು ಬಂದವು. ಮುಚ್ಚಿದ್ದ ಬಾಗಿಲು ತೆರೆಯಿತು. ಅದರೊಂದಿಗೆ ಹಳೆಯ ಪ್ರಶ್ನೆಯೂ ಮರಳಿತು.

ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲೇ ಒಂದು ಸಮಾಧಾನ ಹೇಳಿಬಿಡುತ್ತೇನೆ. ಪ್ರತಿನಿಧಿಯಾಗಲು 18 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ‘ಐಸಿ-38’ ಎಂದು ಕರೆಯುವ ಪಠ್ಯದ ಮೇಲೆ ಒಂದು ಗಂಟೆಯ, 50 ಪ್ರಶ್ನೆಗಳ ಪರೀಕ್ಷೆಯುಂಟು. ಆ ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ಜಿಲ್ಲೆ ಆಂಧ್ರದ್ದೆಂದು ಅರ್ಜಿ ತುಂಬುವವರು ತೆಲುಗನ್ನೋ ಇಂಗ್ಲಿಷನ್ನೋ ಗುರುತು ಮಾಡಿಬಿಡುವ ಸಂಭವವಿದೆ. ಪಕ್ಕದಲ್ಲಿ ಕುಳಿತು ‘ಕನ್ನಡ’ ಎಂದೇ ಬರೆಸಬೇಕು. ವಿಮೆಯು ಸಂವಿಧಾನದ ಕೇಂದ್ರ ಪಟ್ಟಿಯ 47ನೆಯ ವಿಷಯವಾದ್ದರಿಂದ ಶಿರಾದವರಿಗೂ ರೊಳ್ಳದವರಿಗೂ ಕಾಯಿದೆ ಒಂದೇ. ಗಡಿಕಲ್ಲು ಅಡ್ಡಬಾರದ ಕೆಲವೇ ವೃತ್ತಿಗಳಲ್ಲಿ ಇದೊಂದು.

ಇನ್ನು ‘ಸ್ವತಂತ್ರ’ ಎಂಬ ಪದದ ವಿಚಾರ. ಕಾಯಿದೆಯ ಕಣ್ಣಿನಲ್ಲಿ ಏಜೆಂಟನೆಂದರೆ ಕಂಪನಿಯ ಪರವಾಗಿ ಕೆಲಸ ಮಾಡುವವನು. 2015ರ ತಿದ್ದುಪಡಿಯ ನಂತರ ಪ್ರತಿನಿಧಿಗಳನ್ನು ನೇಮಿಸುವುದು ಆಯಾ ಕಂಪನಿಯೇ. ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಹಾಕುತ್ತದೆ. ಆ ನಿಯಮದಂತೆ ಒಬ್ಬ ವ್ಯಕ್ತಿ ಒಂದು ಜೀವವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿ ಹೀಗೆ ಬೇರೆ ಬೇರೆ ವಿಭಾಗಗಳಲ್ಲಿ ಒಂದೊಂದರ ಪ್ರತಿನಿಧಿಯಾಗಬಹುದು. ಎರಡು ಜೀವವಿಮಾ ಕಂಪನಿಗಳ ಪ್ರತಿನಿಧಿಯಾಗುವಂತಿಲ್ಲ. ಎಂದರೆ ‘ಕಂಪನಿಯೊಂದನ್ನು ಆರಿಸಿಕೋ’ ಎಂದಾಗ ಉಳಿದ ಬಾಗಿಲುಗಳೆಲ್ಲ ಮುಚ್ಚುವುದಿಲ್ಲ. ಜೀವವಿಮೆಗೆ ಒಂದು ಕಂಪನಿ, ಬೈಕು ಟ್ರ್ಯಾಕ್ಟರುಗಳ ವಿಮೆಗೆ ಇನ್ನೊಂದು, ಆಸ್ಪತ್ರೆ ಖರ್ಚಿನ ವಿಮೆಗೆ ಮತ್ತೊಂದು ಇಟ್ಟುಕೊಂಡು ಒಬ್ಬನೇ ಒಂದು ಮನೆಯ ಎಲ್ಲ ಅಗತ್ಯಗಳನ್ನೂ ನೋಡಬಹುದು. ಈ ಮಾತನ್ನು ನೇಮಕಕ್ಕೆ ಬರುವ ಅಧಿಕಾರಿಗಳು ತಾವಾಗಿ ಹೇಳುವುದು ಕಡಿಮೆ.

ನಿಜವಾಗಿ ಸ್ವತಂತ್ರನಾದವನು ಬ್ರೋಕರ್. ಅವನು ಗ್ರಾಹಕನ ಪರ; ಹತ್ತಾರು ಕಂಪನಿಗಳ ಪಾಲಿಸಿಗಳನ್ನು ತೂಗಿ ನೋಡಿ ಸಲಹೆ ಕೊಡಬೇಕಾದವನು. ಆದರೆ ನೇರ ಬ್ರೋಕರ್ ಸಂಸ್ಥೆ ತೆರೆಯಲು ಕನಿಷ್ಠ 75 ಲಕ್ಷ ರೂಪಾಯಿ ಬಂಡವಾಳ ಬೇಕು. ಅದು ನಮ್ಮ ಹುಡುಗನ ಮಾತಲ್ಲ. ‘ವಿಮಾ ಮಾರುಕಟ್ಟೆ ಸಂಸ್ಥೆ’ ಎಂಬ ಇನ್ನೊಂದು ವ್ಯವಸ್ಥೆ 2015ರಿಂದ ಇದೆ. ಅದಕ್ಕೆ 10 ಲಕ್ಷದ ನಿವ್ವಳ ಆಸ್ತಿ ಸಾಕು, ಪ್ರತಿ ವಿಭಾಗದಲ್ಲೂ ಒಂದಕ್ಕಿಂತ ಹೆಚ್ಚು ಕಂಪನಿಗಳ ಪಾಲಿಸಿ ಮಾರಬಹುದು. ಮೊಬೈಲಿನ ಮಾತು ಇವೆರಡೂ ಅಲ್ಲ. ಅದು ‘ಪಾಯಿಂಟ್ ಆಫ್ ಸೇಲ್ಸ್ ಪರ್ಸನ್’ ಎಂಬ ಹುದ್ದೆ. ಹತ್ತನೆಯ ತರಗತಿ, 15 ಗಂಟೆಯ ತರಬೇತಿ, ಒಂದು ಚಿಕ್ಕ ಪರೀಕ್ಷೆ ಮುಗಿದರೆ ಸಿಗುತ್ತದೆ. ಯಾವುದಾದರೂ ಬ್ರೋಕರ್ ಸಂಸ್ಥೆಯ ಕೆಳಗೆ ಸೇರಿದರೆ ಹಲವು ಕಂಪನಿಗಳ ಪಾಲಿಸಿ ಕೈಗೆ ಬರುವುದು ನಿಜ. ಆದರೆ ಅವು ಮೊದಲೇ ಅಚ್ಚು ಹಾಕಿಟ್ಟ ಸರಳ ಪಾಲಿಸಿಗಳು ಮಾತ್ರ. ಮತ್ತು ನೀವು ಆ ಒಂದು ಬ್ರೋಕರ್ ಸಂಸ್ಥೆಯವರೇ. ಒಡೆಯ ಬದಲಾದನೇ ಹೊರತು ಒಡೆತನ ಹೋಗಲಿಲ್ಲ. ಬೈಕಿನ ವಿಮೆಯಂಥ ವ್ಯವಹಾರಕ್ಕೆ ಈ ದಾರಿ ಚೆನ್ನಾಗಿಯೇ ಇದೆ; ವಾಹನಕ್ಕೆ ಮೂರನೆಯವರ ವಿಮೆ ಕಾನೂನಿನಂತೆ ಕಡ್ಡಾಯವಾದ್ದರಿಂದ ಗಿರಾಕಿಗಳನ್ನು ಹುಡುಕುವ ಶ್ರಮವೂ ಕಡಿಮೆ.

ಈಗ ಕಮಿಷನ್ನಿನ ಲೆಕ್ಕ. 2023ರ ನಿಯಮಗಳ ಬಳಿಕ ಕಮಿಷನ್ ದರವನ್ನು ಕಂಪನಿಗಳ ಆಡಳಿತ ಮಂಡಳಿಗಳೇ ಗೊತ್ತುಮಾಡುತ್ತವೆ, ಹಾಗಾಗಿ ದರಗಳು ಕಂಪನಿಯಿಂದ ಕಂಪನಿಗೆ, ಪಾಲಿಸಿಯಿಂದ ಪಾಲಿಸಿಗೆ ಬೇರೆ. ತಿಳಿವಳಿಕೆಗಾಗಿ ಮೊದಲ ವರ್ಷ ಶೇ. 25, ಮುಂದೆ ಶೇ. 5 ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 12,000 ರೂಪಾಯಿ ಕಂತಿನ ಒಂದು ಪಾಲಿಸಿ ಮಾಡಿಸಿದರೆ ಮೊದಲ ವರ್ಷ 3,000, ಆಮೇಲೆ ವರ್ಷಕ್ಕೆ 600. ತಿಂಗಳಿಗೆ ಎರಡರಂತೆ ಮಾಡಿಸಿದರೂ ನೂರು ಪಾಲಿಸಿ ಆಗಲು ನಾಲ್ಕು ವರ್ಷ ಮೀರುತ್ತದೆ. ಆ ನೂರೂ ಜೀವಂತವಾಗಿ ಉಳಿದರೆ ಹಳೆಯ ಪಾಲಿಸಿಗಳಿಂದಲೇ ವರ್ಷಕ್ಕೆ 60,000, ಅಂದರೆ ತಿಂಗಳಿಗೆ 5,000 ರೂಪಾಯಿ ಮನೆಗೆ ಬರುತ್ತದೆ. ಅರ್ಧ ಪಾಲಿಸಿಗಳು ಕಂತು ನಿಂತು ಸತ್ತರೆ ಆದಾಯವೂ ಅರ್ಧ. ಪೆಟ್ರೋಲಿನ ಖರ್ಚು ಮಾತ್ರ ಅರ್ಧವಾಗುವುದಿಲ್ಲ.

ಕಂತು ನಿಲ್ಲುವುದು ಜನರ ಅಶ್ರದ್ಧೆಯಿಂದಲೇ ಅಲ್ಲ. ಕಡಲೆಕಾಯಿ ಬೆಳೆಯುವವನ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ, ಅದೂ ಮಳೆ ಕೈಹಿಡಿದರೆ. ಅವನಿಗೆ ತಿಂಗಳ ಕಂತಿನ ಪಾಲಿಸಿ ಮಾಡಿಸಿದರೆ ಮೂರನೆಯ ತಿಂಗಳಿಗೇ ತಪ್ಪುತ್ತದೆ. ತಿಂಗಳ ಕಂತಿಗೆ ಕೃಪಾವಧಿ 15 ದಿನ ಮಾತ್ರ, ವಾರ್ಷಿಕಕ್ಕಾದರೆ 30 ದಿನ. ರೇಷ್ಮೆ ಸಾಕುವ ಮನೆಗೆ ಗೂಡು ಹಿಂದೂಪುರದ ಮಾರುಕಟ್ಟೆ ಕಂಡಾಗಲೆಲ್ಲ ಹಣ. ಅವರಿಗೆ ಮೂರು ತಿಂಗಳ ಅಥವಾ ಆರು ತಿಂಗಳ ಕಂತು ಹೊಂದುತ್ತದೆ. ಅಡಕೆಯವರದು ಇನ್ನೊಂದು ಲೆಕ್ಕ. ಇದು ಯಾವ ಕಂಪನಿಯ ತರಬೇತಿಯಲ್ಲೂ ಹೇಳಿಕೊಡುವ ಪಾಠವಲ್ಲ. ಊರಿನಲ್ಲಿ ಬೆಳೆದವನಿಗೆ ಹೇಳಿಕೊಡಬೇಕಾಗಿಯೂ ಇಲ್ಲ.

ನಮ್ಮ ಮಕ್ಕಳ ನಿಜವಾದ ಬಂಡವಾಳ ಭಾಷೆ. ಪಾಲಿಸಿಯ ಪ್ರಸ್ತಾವನಾ ಪತ್ರ ಇಂಗ್ಲಿಷಿನಲ್ಲಿರುತ್ತದೆ, ಹೆಚ್ಚೆಂದರೆ ತೆಲುಗು ಅಥವಾ ಹಿಂದಿಯಲ್ಲಿ. ಸಹಿ ಮಾಡುವ ಗೌಡರಿಗೆ ಬರುವುದು ಕನ್ನಡ. ಅಂಥ ಪತ್ರದ ಕೊನೆಯಲ್ಲಿ ಒಂದು ಚಿಕ್ಕ ಘೋಷಣೆಯಿರುತ್ತದೆ: ಪ್ರಶ್ನೆಗಳನ್ನೆಲ್ಲ ಪ್ರಸ್ತಾವಕನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದೇನೆ, ಅವನು ಕೊಟ್ಟ ಉತ್ತರಗಳನ್ನೇ ಬರೆದಿದ್ದೇನೆ ಎಂದು. ಸಹಿ ಬೇರೆ ಭಾಷೆಯಲ್ಲಿದ್ದರೂ ಹೆಬ್ಬೆಟ್ಟಿದ್ದರೂ ಆ ಘೋಷಣೆ ಬೇಕೇ ಬೇಕು. ಎಷ್ಟೋ ಕಡೆ ಅದು ಓದದೆ ಮಾಡುವ ಸಹಿ. ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಗೆ ಪ್ರತಿನಿಧಿಯೇ ‘ಇಲ್ಲ’ ಎಂದು ಗುರುತು ಹಾಕಿ ಮುಂದೆ ಹೋದ ಉದಾಹರಣೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಮಾ ಕಾಯಿದೆಯ 45ನೆಯ ಕಲಮಿನಂತೆ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ಆ ಮೂರು ವರ್ಷದೊಳಗೆ ಸಾವು ಸಂಭವಿಸಿದರೆ ಹಳೆಯ ಆಸ್ಪತ್ರೆಯ ಚೀಟಿಗಳೆಲ್ಲ ಹೊರಗೆ ಬರುತ್ತವೆ, ಸುಳ್ಳು ಗುರುತಿನ ಬೆಲೆಯನ್ನು ವಿಧವೆ ತೆರುತ್ತಾಳೆ. ‘ಅಣ್ಣಾ, ಸಕ್ಕರೆ ಇದ್ದರೆ ಹೇಳಿಬಿಡಿ, ಕಂತು ಸ್ವಲ್ಪ ಹೆಚ್ಚಾಗಬಹುದು, ಹಣ ಮಾತ್ರ ಕೈಬಿಡುವುದಿಲ್ಲ’ ಎಂದು ಕನ್ನಡದಲ್ಲಿ ಕೂರಿಸಿ ಹೇಳಬಲ್ಲವನು ಊರಿನಲ್ಲಿ ಇರಬೇಕು.

ಹೆಸರಿನ ತೊಡಕೂ ಹೀಗೆಯೇ. ಶಾಲೆಯ ವರ್ಗಾವಣೆ ಪತ್ರದಲ್ಲಿ ಕನ್ನಡದ ಹೆಸರು, ಆಧಾರಿನಲ್ಲಿ ತೆಲುಗು, ಪಾಲಿಸಿಯಲ್ಲಿ ಇಂಗ್ಲಿಷು. ‘ಹನುಮಂತರಾಯಪ್ಪ’ ಮೂರು ಲಿಪಿ ದಾಟುವಾಗ ‘ಹನುಮಂತರಾಯುಡು’ ಆಗಿರಬಹುದು, ಇಲ್ಲವೆ ಬಾಲ ಕಳೆದುಕೊಂಡು ‘ಹನುಮಂತ’ ಆಗಿರಬಹುದು. ಪಾಲಿಸಿ ಮಾಡಿಸುವ ದಿನ ಅರ್ಧ ಗಂಟೆ ಕುಳಿತು ಮೂರನ್ನೂ ಹೊಂದಿಸಿದರೆ, ಕ್ಲೇಮಿನ ದಿನ ನಾಮಿನಿ ಆರು ತಿಂಗಳು ಅಲೆಯುವುದು ತಪ್ಪುತ್ತದೆ. ತೆಲುಗು ಓದಲೂ ಬರುವ, ಕನ್ನಡ ಬರೆಯಲೂ ಬರುವ ನಮ್ಮ ಶಾಲೆಯ ಮಕ್ಕಳಿಗೆ ಇದು ಸುಲಭ.

ಹಾಗಾದರೆ ಕಂಪನಿಯನ್ನು ಆರಿಸುವುದು ಹೇಗೆ? ಕಮಿಷನ್ ಪಟ್ಟಿ ನೋಡುವ ಮೊದಲು ನಕ್ಷೆ ನೋಡಿ ಎನ್ನುತ್ತೇನೆ. ಕ್ಲೇಮಿನ ಕಡತ ಹಿಡಿದು ಬೆಳಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳುವಷ್ಟು ದೂರದಲ್ಲಿ ಶಾಖೆಯಿದೆಯೇ? ಇದ್ದರೆ ಅಲ್ಲಿ ಎಷ್ಟು ವರ್ಷದಿಂದ ಇದೆ? ಹಿಂದೂಪುರದಲ್ಲಿ ಎಲ್‌ಐಸಿ ಶಾಖೆಯಿರುವುದು ಎಲ್ಲರಿಗೂ ಗೊತ್ತು. ಖಾಸಗಿ ಕಂಪನಿಗಳ ಪಾಲಿಸಿಗಳಲ್ಲಿ ಕೆಲವು ಹೆಚ್ಚು ಅಗ್ಗವಾಗಿರುತ್ತವೆ, ಶುದ್ಧ ಟರ್ಮ್ ವಿಮೆಯಲ್ಲಂತೂ ಹೋಲಿಸಿಯೇ ನೋಡಬೇಕು. ಆದರೆ ಶಾಖೆ ದೂರವಿದ್ದರೆ ಪ್ರತಿನಿಧಿಯೇ ಶಾಖೆಯಾಗಬೇಕಾಗುತ್ತದೆ. ಅಂಚೆ ಇಲಾಖೆಯ ಗ್ರಾಮೀಣ ಅಂಚೆ ಜೀವವಿಮೆಯನ್ನೂ ಮರೆಯಬಾರದು. 1995ರಲ್ಲಿ ಆರಂಭವಾದ ಅದಕ್ಕೂ ಪ್ರತಿನಿಧಿಗಳನ್ನು ನೇಮಿಸುತ್ತಾರೆ, ಅಂಚೆ ಕಚೇರಿಯಂತೂ ಪ್ರತಿ ಹೋಬಳಿಯಲ್ಲೂ ಇದೆ.

ತಾಯಂದಿರಿಗೆ, ಹೆಣ್ಣುಮಕ್ಕಳಿಗೆ ಎಲ್‌ಐಸಿಯ ‘ಬೀಮಾ ಸಖಿ’ ಯೋಜನೆ 2024ರ ಡಿಸೆಂಬರ್ 9ರಿಂದ ಇದೆ. 18ರಿಂದ 70 ವರ್ಷದ, ಹತ್ತನೆಯ ತರಗತಿ ಮುಗಿಸಿದ ಮಹಿಳೆಯರಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೆಯ ವರ್ಷ 6,000, ಮೂರನೆಯ ವರ್ಷ 5,000 ರೂಪಾಯಿ ಭತ್ಯೆ. ಇದು ಸಂಬಳವಲ್ಲ, ನೌಕರಿಯೂ ಅಲ್ಲ. ಮೊದಲ ವರ್ಷ 24 ಜೀವಗಳಿಗೆ ವಿಮೆ ಮಾಡಿಸಬೇಕು, ಎರಡನೆಯ ವರ್ಷ ಭತ್ಯೆ ಮುಂದುವರಿಯಬೇಕಾದರೆ ಹಿಂದಿನ ವರ್ಷದ ಪಾಲಿಸಿಗಳಲ್ಲಿ ಶೇ. 65 ಜೀವಂತವಿರಬೇಕು. ಮನೆಯಲ್ಲಿ ಈಗಾಗಲೇ ಎಲ್‌ಐಸಿ ಏಜೆಂಟರೋ ನೌಕರರೋ ಇದ್ದರೆ ಅವರ ಹತ್ತಿರದ ಸಂಬಂಧಿಗಳಿಗೆ ಇದು ಸಿಗುವುದಿಲ್ಲ.

ಸಹಿ ಹಾಕುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳು ಎರಡು. ನಾನು ಬಿಟ್ಟುಹೋದರೆ ಹಳೆಯ ಪಾಲಿಸಿಗಳ ಕಮಿಷನ್ ಏನಾಗುತ್ತದೆ? ನಾನು ಬಿಟ್ಟುಹೋದರೆ ನನ್ನ ಗಿರಾಕಿಗಳನ್ನು ಯಾರು ನೋಡುತ್ತಾರೆ? ಎರಡನೆಯದನ್ನು ಯಾರೂ ಕೇಳುವುದಿಲ್ಲ. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರುವುದಕ್ಕೆ ನಿಯಮದಲ್ಲಿ ದಾರಿಯಿದೆ: ನೇಮಕ ಪತ್ರ, ಗುರುತಿನ ಚೀಟಿ ಹಿಂತಿರುಗಿಸಿ, ಬಿಡುಗಡೆ ಪತ್ರ ಪಡೆದು, 90 ದಿನ ಕಾಯಬೇಕು. ಆದರೆ ಗಿರಾಕಿಗಳ ಹಳೆಯ ಪಾಲಿಸಿ ಮುರಿಸಿ ಹೊಸ ಕಂಪನಿಯಲ್ಲಿ ಮಾಡಿಸುವುದನ್ನು ನಿಯಮ ಒಪ್ಪುವುದಿಲ್ಲ. ಗಿರಾಕಿಯ ಮೊದಲ ಕಂತನ್ನು ತನ್ನ ಕಮಿಷನ್ನಿನಿಂದ ಕಟ್ಟಿ ಪಾಲಿಸಿ ಹಿಡಿಯುವುದೂ ಅಪರಾಧವೇ. 41ನೆಯ ಕಲಮಿನಂತೆ ದಂಡ ಹತ್ತು ಲಕ್ಷದವರೆಗೆ ಹೋಗಬಹುದು.

ನನ್ನ ಅಭಿಪ್ರಾಯ ಕೇಳಿದರೆ, ರೊಳ್ಳದಂಥ ಊರಿನಲ್ಲಿ ಹೊಸಬನು ಮೊದಲು ಶಾಖೆ ಹತ್ತಿರವಿರುವ ಒಂದು ಜೀವವಿಮಾ ಕಂಪನಿಗೆ ಸೇರಲಿ, ಒಂದು ಸಾಮಾನ್ಯ ವಿಮಾ ಕಂಪನಿಯನ್ನೂ ಜೊತೆಗಿಟ್ಟುಕೊಳ್ಳಲಿ. ನಾಲ್ಕೈದು ಕ್ಲೇಮುಗಳನ್ನು ತನ್ನ ಕೈಯಿಂದ ಇತ್ಯರ್ಥ ಮಾಡಿಸಿದ ಮೇಲೆ ಸ್ವತಂತ್ರ ದಾರಿಯ ಯೋಚನೆ ಮಾಡಲಿ. ಅಷ್ಟರಲ್ಲಿ ಮನೆಯಲ್ಲಿ ಬೇರೆ ಆದಾಯವೊಂದು ಇರುವುದು ಅಗತ್ಯ. ಮೊದಲ ಎರಡು ವರ್ಷ ಇದರಿಂದಲೇ ಸಂಸಾರ ಸಾಗುತ್ತದೆಂದು ನಂಬಿಸುವವರ ಮಾತು ಕೇಳಬಾರದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಬಂಧುಗಳಲ್ಲೇ ಒಬ್ಬ ಹುಡುಗ ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯ ಏಜೆನ್ಸಿ ಹಿಡಿದ. ಮೊದಲ ಹನ್ನೊಂದು ಪಾಲಿಸಿಗಳೂ ಅತ್ತೆ, ಚಿಕ್ಕಪ್ಪ, ಸೋದರಮಾವಂದಿರವು. ಹನ್ನೆರಡನೆಯದು ಸಿಗಲಿಲ್ಲ. ಪಟ್ಟಣದಲ್ಲಿದ್ದ ಆ ಕಂಪನಿಯ ಕಚೇರಿ ಎರಡನೆಯ ವರ್ಷ ಮುಚ್ಚಿತು, ಹುಡುಗ ಬೆಂಗಳೂರಿಗೆ ಹೋಗಿ ಕಾರ್ಖಾನೆ ಸೇರಿದ. ವಿಮೆಯವರ ಭಾಷೆಯಲ್ಲಿ ಆ ಹನ್ನೊಂದೂ ‘ಅನಾಥ ಪಾಲಿಸಿ’ಗಳು. ಕಳೆದ ಬಾರಿ ನಮ್ಮ ದೊಡ್ಡಮ್ಮ ಗೂಡು ಮಾರಿದ ಹಣದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಪಾಲಿಸಿಯನ್ನು ನನ್ನ ಮುಂದೆ ಇಟ್ಟರು. ‘ಅವನು ಬರುತ್ತಾನೆ ಅಂತ ಕಾಯ್ತಾ ಇದ್ದೆ ಕಣಪ್ಪ’ ಎಂದರು. ಕಂತು ನಿಂತು ಮೂರು ವರ್ಷವಾಗಿತ್ತು. ಇಂಥ ಪಾಲಿಸಿಗೆ ಮರುಜೀವ ಕೊಡಲು ಐದು ವರ್ಷದ ಅವಕಾಶವುಂಟು. ಬಾಕಿ ಕಂತು, ಬಡ್ಡಿ, ಆರೋಗ್ಯದ ಘೋಷಣೆ ಎಲ್ಲವನ್ನೂ ಸಿದ್ಧಮಾಡಿಕೊಂಡು ಅವರೊಂದಿಗೆ ಬೆಂಗಳೂರಿನ ಕಚೇರಿಗೆ ಹೋಗಿಬಂದೆ. ಆರೋಗ್ಯದ ಘೋಷಣೆ ಇಂಗ್ಲಿಷಿನಲ್ಲಿತ್ತು. ಮೆಟ್ಟಿಲ ಮೇಲೆ ಕುಳಿತು ಒಂದೊಂದು ಪ್ರಶ್ನೆಯನ್ನೂ ಓದಿ ಹೇಳಿದೆ. ದೊಡ್ಡಮ್ಮ ಮಂಡಿನೋವಿನವರೆಗೆ ಎಲ್ಲವನ್ನೂ ಬರೆಸಿ, ಕೊನೆಗೆ ಕನ್ನಡದಲ್ಲಿ ಸಹಿ ಹಾಕಿದರು. ಉಳಿದ ಹತ್ತು ಮನೆಗಳಿಗೂ ಈಗ ಸುದ್ದಿ ಮುಟ್ಟಿಸಿದ್ದೇವೆ.