ಸ್ಕ್ಯಾನ್ ಆದ ಮಾತ್ರಕ್ಕೆ ಪುಸ್ತಕ ಉಳಿಯದು

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿಕೊಂಡಿತು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಸುಟ್ಟುಹೋಯಿತು. ಹೋದದ್ದು 858 ಟೆರಾಬೈಟ್ ಮಾಹಿತಿ. ಗಾತ್ರ ತೀರಾ ದೊಡ್ಡದೆಂದು ಅದರ ಪ್ರತಿಯನ್ನು ಬೇರೆಲ್ಲೂ ಇಟ್ಟಿರಲಿಲ್ಲ. ಹಳೆಯ ಪುಸ್ತಕಗಳೆಲ್ಲ ಡಿಜಿಟಲ್ ಆದವು, ಇನ್ನು ಚಿಂತೆಯಿಲ್ಲ ಎಂದುಕೊಂಡಿರುವ ನಮಗೆ ಅವನ್ನು ಕಳೆದುಕೊಳ್ಳಲು ಬೆಂಕಿಯೂ ಬೇಕಾಗಿಲ್ಲ.

ನಮ್ಮದೇ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ವನ್ನು ನೋಡಿ. ಅಮೆರಿಕದ ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯದ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಅಂಗವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಈ ಶತಮಾನದ ಆರಂಭದಲ್ಲಿ ಶುರುವಾದ ಕೆಲಸವಿದು. ಲಕ್ಷಗಟ್ಟಲೆ ಪುಸ್ತಕಗಳು ಸ್ಕ್ಯಾನ್ ಆದವು, ಕನ್ನಡದವೂ ಸಾವಿರಾರು. ಮುಂದೆ ಅದರ ಮೂಲ ಜಾಲತಾಣವೇ ಮುಚ್ಚಿಹೋಯಿತು. ಇಂದು ಆ ಪುಸ್ತಕಗಳನ್ನು ಓದುವವರಿಗೆ ದೊಡ್ಡ ಆಸರೆ ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್. 2024ರ ಅಕ್ಟೋಬರ್‌ನಲ್ಲಿ ಅದರ ಮೇಲೂ ಸೈಬರ್ ದಾಳಿ ನಡೆದು ಹಲವು ದಿನ ಬಾಗಿಲು ಹಾಕಿತ್ತು. ದೂರದ ಒಂದು ಲಾಭರಹಿತ ಸಂಸ್ಥೆಯ ಸರ್ವರ್ ನಿಂತರೆ ನಮ್ಮ ಓದೂ ನಿಲ್ಲುತ್ತದೆ ಎಂಬುದು ಆ ದಿನಗಳಲ್ಲಿ ಸ್ಪಷ್ಟವಾಯಿತು.

ಕಡತ ಉಳಿದರೂ ಅದು ಕೈಗೆ ಸಿಗಬೇಕಲ್ಲ? ಡಿಜಿಟಲ್ ಲೈಬ್ರರಿಯ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳ ಹೆಸರುಗಳು ರೋಮನ್ ಲಿಪಿಯಲ್ಲಿ, ಮನಸ್ಸಿಗೆ ಬಂದ ಕಾಗುಣಿತದಲ್ಲಿ ದಾಖಲಾಗಿದ್ದವು. ‘ಸಂಚಯ’ ಎಂಬ ಗುಂಪಿನ ಸ್ವಯಂಸೇವಕರು ಓದುಗರ ನೆರವಿನಿಂದ ಆ ಪಟ್ಟಿಯನ್ನು ಕನ್ನಡಕ್ಕೆ ತಂದು ಹುಡುಕುವ ದಾರಿ ಮಾಡಿಕೊಟ್ಟರು. ಆದರೆ ಪುಸ್ತಕದ ಒಳಗಿನ ಮಾತನ್ನು ಹುಡುಕಲು ಚಿತ್ರವನ್ನು ಪಠ್ಯವಾಗಿಸುವ ಓಸಿಆರ್ ತಂತ್ರಾಂಶ ಬೇಕು. ಕನ್ನಡದಲ್ಲಿ ಅದರ ಕಷ್ಟವೇ ಬೇರೆ. ಅಕ್ಷರದ ಕೆಳಗೆ ಇಳಿಯುವ ಒತ್ತು ಹಳೆಯ ಅಚ್ಚುಮೊಳೆಯ ಪುಟಗಳಲ್ಲಿ ಮುಂದಿನ ಸಾಲಿಗೆ ತಾಗುತ್ತದೆ. ದ ಮತ್ತು ಧ ನಡುವೆ ಇರುವುದು ಒಂದು ಸೀಳು, ರ ಮತ್ತು ಠ ನಡುವೆ ಒಂದು ಚುಕ್ಕೆ. ಮಸಿ ಹರಡಿದ ಪುಟದಲ್ಲಿ ಎರಡೂ ಕಾಣದಾಗುತ್ತವೆ.

ನೂರಕ್ಕೆ 95 ಅಕ್ಷರ ಸರಿ ಎಂದರೆ ಒಳ್ಳೆಯ ಫಲಿತಾಂಶದಂತೆ ತೋರುತ್ತದೆ. ಲೆಕ್ಕ ಹಾಕಿ: ಆ ದರದಲ್ಲಿ ಆರು ಅಕ್ಷರಗಳ ಪದವೊಂದು ಪೂರ್ತಿ ಸರಿಯಾಗಿ ಬರುವ ಸಾಧ್ಯತೆ ಸುಮಾರು 74 ಪ್ರತಿಶತ ಮಾತ್ರ. ನಾಲ್ಕರಲ್ಲಿ ಒಂದು ಪದ ಹುಡುಕಾಟಕ್ಕೆ ಸಿಗುವುದಿಲ್ಲ. ವಿಭಕ್ತಿ, ಸಂಧಿಗಳಿಂದ ಪದಗಳು ಉದ್ದವಾಗುತ್ತಲೇ ಹೋಗುವ ಕನ್ನಡಕ್ಕೆ ಈ ನಷ್ಟ ಇನ್ನೂ ಹೆಚ್ಚು.

ಪಠ್ಯ ಹೋಗಲಿ, ಚಿತ್ರವನ್ನಾದರೂ ನಂಬಬಹುದೇ? 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬವರು ಕಟ್ಟಡವೊಂದರ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಮೂರು ಬೇರೆ ಬೇರೆ ಕೋಣೆಗಳ ಅಳತೆ ಒಂದೇ ಆಗಿ ಬಂದದ್ದನ್ನು ಕಂಡುಹಿಡಿದರು: 21.11 ಮತ್ತು 17.42 ಎರಡೂ 14.13 ಆಗಿದ್ದವು. ಕಡತದ ಗಾತ್ರ ಇಳಿಸಲು ಯಂತ್ರ ಒಂದೇ ಥರ ಕಾಣುವ ತುಣುಕುಗಳನ್ನು ಒಂದೇ ಎಂದು ಭಾವಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಿತ್ತು. ಮಸುಕಾಗಿದ್ದರೆ ಓದುಗನಿಗೆ ಅನುಮಾನವಾದರೂ ಬರುತ್ತಿತ್ತು. ಇಲ್ಲಿ ತಪ್ಪೇ ಸ್ವಚ್ಛವಾಗಿ ಮೂಡಿತ್ತು. ಇಂಥ ದೋಷವನ್ನು ತಾಳೆ ನೋಡಲು ಮೂಲ ಕಾಗದವೇ ಬೇಕು. ‘ಸ್ಕ್ಯಾನ್ ಆಯಿತಲ್ಲ’ ಎಂದು ಮೂಲ ಪ್ರತಿಯನ್ನು ರದ್ದಿಗೆ ಹಾಕುವುದು ಆದ್ದರಿಂದಲೇ ಅಪಾಯ.

ಮೊದಲಿನಿಂದಲೂ ಕಂಪ್ಯೂಟರಿನಲ್ಲೇ ಹುಟ್ಟಿದ ಕನ್ನಡವೂ ಸುರಕ್ಷಿತವಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಡಿಟಿಪಿ ಕೇಂದ್ರಗಳು ಬಹುಕಾಲ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲೇ ಪುಸ್ತಕ ಕಟ್ಟಿದವು. ಹಳೆಯ ನುಡಿಯಲ್ಲಿ ಬೆರಳಚ್ಚಿಸಿದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಇನ್ನೊಂದು ಎ. ಯಂತ್ರದ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಎಷ್ಟೋ ಪುಸ್ತಕಗಳ ಪಠ್ಯ ಇದೇ ಸ್ಥಿತಿಯಲ್ಲಿ ಹಳೆಯ ಸಿಡಿ, ಹಾರ್ಡ್ ಡಿಸ್ಕ್‌ಗಳಲ್ಲಿ ಕೂತಿದೆ. ಪ್ರಕಾಶಕರು ಒಬ್ಬೊಬ್ಬರಾಗಿ ಕೆಲಸ ನಿಲ್ಲಿಸಿದಂತೆ ಅದೂ ಕಸದ ಪಾಲಾಗುತ್ತದೆ.

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಆರಂಭವಾದ ‘ಲಾಕ್ಸ್’ ಯೋಜನೆಯ ಸೂತ್ರವೇ ಹಲವು ಗ್ರಂಥಾಲಯಗಳಲ್ಲಿ ಹಲವು ಪ್ರತಿ ಇಡುವುದು, ಅವು ಪರಸ್ಪರ ತಾಳೆಯಾಗುತ್ತವೆಯೇ ಎಂದು ಆಗಾಗ ಪರೀಕ್ಷಿಸುವುದು. ಪ್ರತಿ ಕಡತಕ್ಕೂ ಚೆಕ್‌ಸಮ್ ಎಂಬ ಸಂಖ್ಯೆ ಲೆಕ್ಕ ಹಾಕಿ ಇಟ್ಟರೆ ಒಂದು ಬಿಟ್ ಬದಲಾದರೂ ಗೊತ್ತಾಗುತ್ತದೆ. ಆದರೆ ನಮ್ಮ ಯೋಜನೆಗಳು ಎಷ್ಟು ಲಕ್ಷ ಪುಟ ಸ್ಕ್ಯಾನ್ ಆಯಿತೆಂದು ಎಣಿಸುತ್ತವೆಯೇ ಹೊರತು ಹತ್ತು ವರ್ಷದ ನಂತರ ಅವನ್ನು ಕಾಯುವವರು ಯಾರು, ಆ ಖರ್ಚು ಎಲ್ಲಿಂದ ಎಂದು ಕೇಳುವುದಿಲ್ಲ.

ವಿಶ್ವವಿದ್ಯಾಲಯ, ಅಕಾಡೆಮಿಗಳು ಮುಂದಿನ ಸ್ಕ್ಯಾನಿಂಗ್ ಟೆಂಡರ್ ಕರೆಯುವ ಮೊದಲು ನಾಲ್ಕು ಷರತ್ತು ಸೇರಿಸಲಿ: ಬೇರೆ ಬೇರೆ ಊರುಗಳಲ್ಲಿ ಮೂರು ಪ್ರತಿ, ಕನ್ನಡ ಲಿಪಿಯಲ್ಲೇ ಪುಸ್ತಕದ ವಿವರ, ವರ್ಷಕ್ಕೊಮ್ಮೆ ತಪಾಸಣೆ, ನಿರ್ವಹಣೆಗೆ ಪ್ರತ್ಯೇಕ ಹಣ. ಪ್ರಕಾಶಕರು, ಲೇಖಕರು ತಮ್ಮ ಹಳೆಯ ನುಡಿ, ಬರಹ ಕಡತಗಳನ್ನು ಹುಡುಕಿ ಯೂನಿಕೋಡ್‌ಗೆ ಬದಲಿಸಿಕೊಳ್ಳಲಿ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆ ಸಿಡಿಗಳು ಇಂದು ತೆರೆದುಕೊಂಡರೆ ಇಂದೇ ಆ ಕೆಲಸ ಮಾಡಿ ಮುಗಿಸಿ.