ಮೊಸರು ಬೇಡವೆನ್ನುವ ಮಕ್ಕಳು

‘ಅಮ್ಮಾ, ಮೊಸರು ಬೇಡ. ಹುಳಿ ವಾಸನೆ ಬರುತ್ತೆ!’

ಊಟದ ಕೊನೆಗೆ ಈ ಮಾತು ಕೇಳಿಸದ ಮನೆ ಅಪರೂಪ. ಸಾರನ್ನವನ್ನು ಚಪ್ಪರಿಸಿ ಉಂಡ ಮಗು ಮೊಸರಿನ ಪಾತ್ರೆ ಕಂಡೊಡನೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತದೆ. ಅದೇ ಮಗು ಅಂಗಡಿಯ ಸ್ಟ್ರಾಬೆರಿ ಮೊಸರನ್ನು ಮಾತ್ರ ಚಮಚ ನೆಕ್ಕಿ ಮುಗಿಸುತ್ತದೆ. ಹಾಗಾದರೆ ಅದಕ್ಕೆ ಬೇಡವಾಗಿರುವುದು ಮೊಸರೋ, ನಾವು ಮಾಡುವ ಮೊಸರೋ?

ನನ್ನ ಮಗಳು ಎರಡನೇ ತರಗತಿಯಲ್ಲಿದ್ದಾಗ ಮೊಸರನ್ನದ ಡಬ್ಬಿ ದಿನವೂ ಖಾಲಿಯಾಗಿ ಬರುತ್ತಿತ್ತು. ನನಗೋ ಸಂತೋಷ. ಅದು ಶಾಲೆಯ ಹಿಂದಿನ ನಾಯಿಯ ಪಾಲಾಗುತ್ತಿದೆ ಎಂದು ತಿಳಿದದ್ದು ತಿಂಗಳ ಮೇಲೆ. ಅಂದು ಸಂಜೆ ಬೆನ್ನಿಗೆ ಒಂದು ಏಟು ಕೊಟ್ಟು, ಎದುರಿಗೆ ಕೂರಿಸಿಕೊಂಡು ಬಟ್ಟಲು ಮೊಸರು ತಿನ್ನಿಸಿದೆ. ಐದೇ ನಿಮಿಷ, ತಿಂದದ್ದೆಲ್ಲ ಹೊರಗೆ ಬಂತು. ಆಮೇಲೆ ಎರಡು ತಿಂಗಳು ಮೊಸರಿನ ಹೆಸರೆತ್ತಿದರೆ ಸಾಕು, ಅವಳ ಕಣ್ಣಲ್ಲಿ ನೀರು.

ಕೊನೆಗೊಂದು ದಿನ ಅವಳನ್ನೇ ಕೇಳಿದೆ. ‘ಮೊಸರಲ್ಲಿ ಏನು ಸೇರಲ್ಲ, ಹೇಳು ಪುಟ್ಟಿ. ಬಯ್ಯಲ್ಲ.’

‘ತುಂಬಾ ಹುಳಿ. ಆಮೇಲೆ ಕೆನೆ ನಾಲಿಗೆಗೆ ಅಂಟುತ್ತೆ.’

ಎರಡೂ ನ್ಯಾಯವಾದ ದೂರುಗಳೇ! ರಾತ್ರಿ ಒಂಬತ್ತಕ್ಕೆ ಹೆಪ್ಪು ಹಾಕಿ ಮಾರನೆಯ ಮಧ್ಯಾಹ್ನದವರೆಗೂ ಅಡುಗೆಮನೆಯ ಕಟ್ಟೆಯ ಮೇಲೆ ಬಿಡುವುದು ನನ್ನ ರೂಢಿ. ಬೇಸಿಗೆಯಲ್ಲಿ ಅದು ಹುಳಿಯಾಗದೆ ಇನ್ನೇನಾದೀತು? ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ, ಆ ಆಮ್ಲದಿಂದ ಹಾಲಿನ ಪ್ರೋಟೀನು ಗಟ್ಟಿಯಾಗುತ್ತದೆ. ಮೊಸರಾಯಿತೆಂದು ಅವು ಕೆಲಸ ನಿಲ್ಲಿಸುವುದಿಲ್ಲ. ಹೊರಗಿಟ್ಟಷ್ಟು ಹೊತ್ತೂ ಹುಳಿ ಏರುತ್ತಲೇ ಹೋಗುತ್ತದೆ.

ಆ ರಜೆಯಲ್ಲಿ ನಾವಿಬ್ಬರೂ ಒಂದು ಆಟ ಹೂಡಿದೆವು. ಕಾಯಿಸಿದ ಹಾಲಿನ ಕೆನೆ ತೆಗೆದು, ಬೆರಳು ಅದ್ದಿದರೆ ಹಿತವಾದ ಬಿಸಿ ತಾಗುವಷ್ಟು, ಅಂದರೆ ಸುಮಾರು 40 ಡಿಗ್ರಿಗೆ ಆರಿಸಿ ಮೂರು ಲೋಟಗಳಿಗೆ ಸುರಿದೆವು. ಒಂದೊಂದಕ್ಕೂ ಅರ್ಧ ಚಿಕ್ಕ ಚಮಚ ಹೆಪ್ಪು. ಹಾಕಿ ಕಲಕಿದ್ದು ಅವಳೇ. ಬೆಳಿಗ್ಗೆ ಏಳಕ್ಕೆ ಹೆಪ್ಪು ಬಿತ್ತು, ಮಧ್ಯಾಹ್ನಕ್ಕೆ ಮೊಸರಾಯಿತು. ಆಗಲೇ ಒಂದು ಲೋಟ ಫ್ರಿಜ್ಜಿಗೆ, ಸಂಜೆಗೆ ಎರಡನೆಯದು. ಮೂರನೆಯದು ಬೆಳಗಿನವರೆಗೂ ಹೊರಗೆ. ಮಾರನೆಯ ದಿನ ಅವಳು ಮೂರನ್ನೂ ಚಮಚದ ತುದಿಯಲ್ಲಿ ರುಚಿ ನೋಡಿದಳು. ಮೂರನೆಯದಕ್ಕೆ ಮುಖ ಕಿವಿಚಿದಳು. ಮೊದಲನೆಯದಕ್ಕೆ ‘ಇದು ಸಿಹಿ!’ ಎಂದಳು. ಸಕ್ಕರೆಯ ಒಂದು ಹರಳೂ ಅದರಲ್ಲಿರಲಿಲ್ಲ.

ಇದೇ ಪ್ರಯೋಗವನ್ನು ದೊಡ್ಡ ಮಕ್ಕಳು ಇನ್ನಷ್ಟು ಬೆಳೆಸಬಹುದು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ತಣ್ಣನೆಯ ಹಾಲಿನಲ್ಲಿ ಮೊಸರು ಬೇಗ ಕೂರುವುದಿಲ್ಲ. ಗಂಟೆ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಎಂಟನೇ ತರಗತಿಯ ಲ್ಯಾಕ್ಟೋಬ್ಯಾಸಿಲಸ್ ಪಾಠ ಅಡುಗೆಮನೆಯಲ್ಲೇ ಮುಗಿದೀತು. 1905ರಲ್ಲಿ ಜಿನೀವಾದ ಪ್ರಯೋಗಾಲಯದಲ್ಲಿ ತನ್ನ ನಾಡಿನ ಮೊಸರನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ಮೊಸರಿನ ಬ್ಯಾಕ್ಟೀರಿಯಾವನ್ನು ಗುರುತಿಸಿದ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್‌ಗೆ ಆಗ ಇನ್ನೂ ಎಳೆಯ ವಯಸ್ಸು.

ಶಾಲೆಯ ಡಬ್ಬಿಗೂ ನಮ್ಮ ಅಜ್ಜಿಯರ ಉಪಾಯವೊಂದಿದೆ. ಬೆಳಿಗ್ಗೆ ಮೆತ್ತಗೆ ಕಿವಿಚಿದ ಅನ್ನಕ್ಕೆ ಉಗುರುಬೆಚ್ಚಗಿನ ಹಾಲನ್ನೇ ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಬೆರೆಸಿ ಕಲಸಿ. ಡಬ್ಬಿ ತೆರೆಯುವ ಹೊತ್ತಿಗೆ ಹಾಲು ಮೊಸರಾಗಿರುತ್ತದೆ, ಹುಳಿ ಏರಿರುವುದಿಲ್ಲ. ಮೇಲೆ ನಾಲ್ಕು ದಾಳಿಂಬೆ ಕಾಳು ಉದುರಿಸಿ. ಸಾಸಿವೆ, ಕರಿಬೇವಿನ ಒಗ್ಗರಣೆ ಮಗುವಿಗೆ ಇಷ್ಟವಿದ್ದರೆ ಮಾತ್ರ. ಅನ್ನವೇ ಸೇರದ ಮಕ್ಕಳಿಗೆ ಮೊಸರವಲಕ್ಕಿ ಇದೆ. ಧಾರವಾಡದ ಕಡೆ ಗಟ್ಟಿ ಮೊಸರಿಗೆ ಶೇಂಗಾ ಚಟ್ನಿಪುಡಿ ಕಲಸಿ ರೊಟ್ಟಿಗೆ ಹಚ್ಚಿ ತಿನ್ನುವುದನ್ನು ನೋಡಿದರೆ ದೊಡ್ಡವರಿಗೂ ಬಾಯಲ್ಲಿ ನೀರೂರುತ್ತದೆ. ಸಿಹಿಯೇ ಬೇಕೆಂದರೆ ಬಾಳೆಹಣ್ಣು, ಚೂರು ಬೆಲ್ಲ. ವಾರ ವಾರಕ್ಕೆ ಬೆಲ್ಲ ಕಡಿಮೆ ಮಾಡುತ್ತಾ ಬನ್ನಿ.

ಅವಸರ ಬೇಡ. ಹೊಸ ರುಚಿಯೊಂದು ಒಗ್ಗಲು ಮಗುವಿಗೆ ಹತ್ತು-ಹದಿನೈದು ಸಲ ಬೇಕಾದೀತು. ತಟ್ಟೆಯ ಅಂಚಿಗೆ ಒಂದು ಚಮಚ ಬಡಿಸಿ ಸುಮ್ಮನಿರಿ. ತಿಂದರೆ ಹೊಗಳಬೇಡಿ, ಬಿಟ್ಟರೆ ಬಯ್ಯಬೇಡಿ. (ಸುಮ್ಮನಿರುವುದೇ ಕಷ್ಟ, ನನಗೆ ಗೊತ್ತು.) ‘ರಾತ್ರಿ ಮೊಸರು ಕೊಟ್ಟರೆ ಶೀತ’ ಎಂದು ಮನೆಯ ಹಿರಿಯರು ತಕರಾರು ತೆಗೆದರೆ ಹಗಲೇ ಕೊಡಿ, ಒಂದು ಬಟ್ಟಲು ಮೊಸರಿಗಾಗಿ ಜಗಳವೇಕೆ? ಆದರೆ ಮೊಸರು ತಿಂದೊಡನೆ ಮೈ ದದ್ದೇಳುವುದು, ವಾಂತಿ, ಹೊಟ್ಟೆನೋವು ಕಂಡರೆ ಅದು ಹಠವಲ್ಲ. ಹಾಲಿನ ಅಲರ್ಜಿ ಇರಬಹುದು. ಮೊಸರು ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಿ.

ಈಗ ನಮ್ಮ ಮನೆಯಲ್ಲಿ ಹೆಪ್ಪು ಹಾಕುವವಳು ಮಗಳೇ. ಚಳಿಗಾಲದಲ್ಲಿ ಪಾತ್ರೆಗೆ ಟವೆಲ್ ಸುತ್ತಿ ಮಲಗಿಸುತ್ತಾಳೆ, ಬೆಳಿಗ್ಗೆ ಎದ್ದೊಡನೆ ಓರೆ ಮಾಡಿ ನೋಡುತ್ತಾಳೆ. ನಡುವೆ ನಾನು ಮುಟ್ಟಿದರೆ ‘ಅಲುಗಾಡಿಸಬೇಡಮ್ಮಾ’ ಎಂದು ಗದರಿಕೆ ಬೇರೆ. ಕೆನೆ ಮಾತ್ರ ಇವತ್ತಿಗೂ ಅಪ್ಪನ ತಟ್ಟೆಗೇ.